ಆಗ್ನೆಸ್ ಅಜ್ಜಿಯ ಮನೆತನ

ದೋಣಿಯಿಂದಿಳಿದು ಪೆಟ್ಟಿಗೆಯನ್ನು ಕೆಳಗಿಡುವ ಮೊದಲೇ ಒಬ್ಬ ಮುದುಕಿ ಕೇಳಿದಳು, ನೀನು ಯಾವ ಪ್ರಾಣಿಯ ಕಡೆಯವಳು ಎಂದು. ತಿಮಿಂಗಿಲವೋ, ತೋಳವೋ, ಕಾಡುಕಾಗೆಯೋ, ಹದ್ದೋ? ನಾನು ತಬ್ಬಿಬ್ಬಾಗಿ, ನಾನು ನರ್ಸ್ ಎಂದೆ. ಆಕೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅವಳೇ ಆಗ್ನೆಸ್.

ಅದು ಎಪ್ಪತ್ತರ ದಶಕದ ಕೊನೆ. ಗೌನಿಪಲ್ಲಿಯಲ್ಲಿ ಹುಟ್ಟಿ ಕೋಲಾರದಲ್ಲಿ ನರ್ಸಿಂಗ್ ಕಲಿತ ನಾನು, ಆರು ವರ್ಷದ ಮಗಳು ಲತಾಳೊಂದಿಗೆ ಕೆನಡಾದ ಪಶ್ಚಿಮ ಕರಾವಳಿಯ ಆ ಹಳ್ಳಿಗೆ ಬಂದಿದ್ದೆ. ಅಲ್ಲಿಯ ಮೂಲನಿವಾಸಿಗಳು ಸಿಮ್ಶಿಯನ್ನರು. ರಸ್ತೆಯಿಲ್ಲದ ಊರು, ಬಿಡದ ಮಳೆ. ನಮ್ಮಲ್ಲಿ ಮುದ್ದೆಗೆ ಸಾರು ಹೇಗೋ ಅಲ್ಲಿ ಎಲ್ಲದಕ್ಕೂ ಊಲಿಕನ್ ಎಂಬ ಸಣ್ಣ ಮೀನಿನ ಕೊಬ್ಬು. ಮೊದಲ ತಿಂಗಳು ಅದರ ವಾಸನೆಗೇ ಊಟ ಬಿಟ್ಟೆ. ಎರಡನೇ ಚಳಿಗಾಲಕ್ಕೆ ಕೇಳಿ ಬಡಿಸಿಕೊಂಡೆ.

ಅಲ್ಲಿಗೆ ಯಾಕೆ ಹೋದೆ ಎಂದು ಈಗಲೂ ಊರಲ್ಲಿ ಕೇಳುವವರಿದ್ದಾರೆ. ನನ್ನನ್ನು ಮದುವೆಯಾದವನು ನನ್ನ ಸೋದರಮಾವ. ಇನ್ನೊಬ್ಬಳನ್ನು ಮನೆಗೆ ಕರೆತಂದಾಗ ನಾನು ಮಗುವನ್ನೆತ್ತಿಕೊಂಡು ಹೊರಬಿದ್ದೆ. ಲತಾಳನ್ನು ಶ್ರೀನಿವಾಸಪುರದ ಶಾಲೆಯೊಂದಕ್ಕೆ ಸೇರಿಸುವ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟದ್ದಕ್ಕೆ ಅರ್ಜಿಯೇ ವಾಪಸ್ಸು ಬಂತು. ಅಮ್ಮ ನನ್ನ ಕಡೆಗೆ ನಿಲ್ಲಲಿಲ್ಲ. "ನನ್ ತಮ್ಮನ ಮರ್ಯಾದೆ ಕಳೀಬೇಡ ಕಣೇ" ಎಂದಳು. ಕೆನಡಾಕ್ಕೆ ನರ್ಸ್‌ಗಳು ಬೇಕೆಂಬ ಜಾಹೀರಾತು ಕಂಡದ್ದೇ ಅರ್ಜಿ ಹಾಕಿದೆ.

ಇದನ್ನು ಆಗ್ನೆಸ್‌ಗೆ ಹೇಳಿದಾಗ ಅವಳು ಗಾಬರಿಯಾದದ್ದು ಇನ್ನೊಬ್ಬಳ ವಿಷಯಕ್ಕಲ್ಲ. ತಾಯಿಯ ತಮ್ಮನನ್ನು ಮದುವೆಯಾಗುವುದುಂಟೆ ಎಂದು ಮತ್ತೆ ಮತ್ತೆ ಕೇಳಿದಳು. ಅವರಲ್ಲಿ ನಾಲ್ಕು ಕುಲ, ನಾಲ್ಕು ಪ್ರಾಣಿ. ತಿಮಿಂಗಿಲದವರು ಎಷ್ಟೇ ದೂರದ ಊರಿನ ತಿಮಿಂಗಿಲದವರನ್ನೂ ಮದುವೆಯಾಗುವಂತಿಲ್ಲ. ನಮ್ಮಲ್ಲೂ ಒಂದೇ ಗೋತ್ರಕ್ಕೆ ಈ ಕಟ್ಟುಂಟು. ಆದರೆ ನಮ್ಮ ಗೋತ್ರ ಅಪ್ಪನದು, ಅವರ ಕುಲ ತಾಯಿಯದು; ಹಾಗಾಗಿ ಅವರ ಲೆಕ್ಕದಲ್ಲಿ ಸೋದರಮಾವನೂ ಅದೇ ಕುಲದವನು. ಒಂದೊಂದು ಕುಲದಲ್ಲೂ ಹಲವು ಮನೆತನಗಳು. ಮನೆತನಕ್ಕೆ ಅವರು 'ವಾಪ್' ಎನ್ನುತ್ತಾರೆ. ಹೆಸರು, ಮೀನು ಹಿಡಿಯುವ ಹೊಳೆ, ಪೂರ್ವಿಕರ ಚರಿತ್ರೆ ಎಲ್ಲವೂ ತಾಯಿಯ ವಾಪ್‌ನಿಂದ ಬರಬೇಕು. ಹೊಸ ಹೆಸರನ್ನು ಎಲ್ಲ ಕುಲದವರನ್ನೂ ಕರೆದು, ಉಣ್ಣಿಸಿ, ಉಡುಗೊರೆ ಕೊಟ್ಟು, ಅವರ ಸಾಕ್ಷಿಯಲ್ಲಿ ಇಡುತ್ತಾರೆ. ಇಂಥ ಔತಣಗಳನ್ನು ಸರ್ಕಾರ ದಶಕಗಳ ಕಾಲ ನಿಷೇಧಿಸಿತ್ತು. ಆಗ್ನೆಸ್‌ಳ ತಾಯಿ ಅವನ್ನು ಕ್ರಿಸ್ಮಸ್ ಊಟವೆಂದು ಹೇಳಿ ನಡೆಸುತ್ತಿದ್ದಳಂತೆ.

ನಾನು ಹೋದ ಮೂರನೇ ವರ್ಷ ಆಗ್ನೆಸ್‌ಳ ಮಗಳು ರೂತ್ ತನ್ನ ಪುಟ್ಟ ಮಗಳೊಂದಿಗೆ ಊರಿಗೆ ಮರಳಿದಳು. ಬಿಳಿಯನನ್ನು ಮದುವೆಯಾಗಿದ್ದಳು, ಅವನು ಬಿಟ್ಟುಹೋಗಿದ್ದ. ಆ ದೇಶದ ಕಾನೂನಿನ ಪ್ರಕಾರ ಹೊರಗಿನವನನ್ನು ಮದುವೆಯಾದ ಹೆಣ್ಣು ಮೂಲನಿವಾಸಿಯೇ ಅಲ್ಲ, ಅವಳ ಮಕ್ಕಳೂ ಅಲ್ಲ. ಅದೇ ಊರಿನ ಗಂಡಸು ಮದುವೆಯಾಗಿ ತಂದ ಬಿಳಿ ಹೆಂಗಸು ಮಾತ್ರ ಕಾಗದದ ಮೇಲೆ ಮೂಲನಿವಾಸಿ. ರೂತ್ ಊರು ಬಿಡಬೇಕೆಂದು ಪತ್ರ ಬಂತು. ಅವಳ ಮಗಳಿಗೆ ನಮ್ಮ ದವಾಖಾನೆಯಲ್ಲಿ ಚೀಟಿ ಮಾಡಬಾರದೆಂದು ನನಗೂ ಸೂಚನೆ ಬಂತು.

ಮಗುವಿಗೆ ಎದೆ ಕಟ್ಟಿ ಜ್ವರ ಬಂದಿತ್ತು. ನಾನು ಔಷಧಿ ಕೊಟ್ಟು ಚೀಟಿ ತೆಗೆದುಕೊಂಡೆ. ತಂದೆ ಎಂಬ ಸಾಲನ್ನು ಹೊಡೆದುಹಾಕಿ ಆಗ್ನೆಸ್‌ಳ ವಾಪ್‌ನ ಹೆಸರು ಬರೆದೆ. ಮೇಲಧಿಕಾರಿ ಬಂದು, ತಿದ್ದದಿದ್ದರೆ ಕೆಲಸ ಹೋಗುತ್ತದೆ ಎಂದರು. ತಿದ್ದುವುದಾದರೆ ನೀವೇ ತಿದ್ದಿ ಸಹಿ ಹಾಕಿ ಎಂದು ಚೀಟಿ ಮುಂದಿಟ್ಟೆ. ಅವರು ಹಾಕಲಿಲ್ಲ.

ಆ ಚಳಿಗಾಲ ಆಗ್ನೆಸ್ ಔತಣ ಕರೆದಳು. ಹಾಲ್ ತುಂಬಾ ಜನ, ಕುಲಕ್ಕೊಂದು ಕಡೆ. ಮೊಮ್ಮಗಳನ್ನು ನಿಲ್ಲಿಸಿ, ತನ್ನ ತಾಯಿಯ ಹೆಸರನ್ನು ಅವಳಿಗಿಟ್ಟಳು. ಪತ್ರ ತಂದಿದ್ದ ಊರಿನ ಮುಖ್ಯಸ್ಥನೂ ಅಲ್ಲಿ ಕೂತಿದ್ದ. ಅವನ ಕಡೆ ತಿರುಗಿ ಹೇಳಿದಳು: "ನೀನು ಆ ಜಾಗದಲ್ಲಿ ಕೂತಿರೋದು ನಿಮ್ಮಮ್ಮನಿಂದ. ಇವಳನ್ನ ಏಳಿಸೋದಾದ್ರೆ ಮೊದಲು ನೀನು ಏಳು." ಅವನು ಏಳಲಿಲ್ಲ. ಉಡುಗೊರೆಯ ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡ. ಹಾಗೆಂದರೆ ಸಾಕ್ಷಿಯಾಗಲು ಒಪ್ಪಿದಂತೆ. ರೂತ್ ಊರಲ್ಲೇ ಉಳಿದಳು. ಕೆಲವು ವರ್ಷಗಳ ಮೇಲೆ ಕಾನೂನೂ ಬದಲಾಯಿತು.

ನಾನು ಕೂತದ್ದು ಬಾಗಿಲ ಬಳಿ, ಕುಲವಿಲ್ಲದ ಅತಿಥಿಗಳ ಸಾಲಿನಲ್ಲಿ. ನನಗೂ ಒಂದು ಹೆಸರು ಕೊಡುತ್ತಾಳೇನೋ ಎಂಬ ಆಸೆಯಿತ್ತು. ಆಗ್ನೆಸ್ ಅದನ್ನು ಊಹಿಸಿದ್ದಳು. ನಿನಗೆ ತಾಯಿ ಇದ್ದಾಳೆ, ಅವಳ ಜೊತೆ ಜಗಳ ಮುಗಿಸಿಕೋ ಎಂದಳಷ್ಟೆ. ನನಗೆ ಸಿಟ್ಟು ಬಂತು.

ಎಂಬತ್ತರ ದಶಕದ ನಡುವೆ ಅಣ್ಣನ ಮನೆಯ ಗೃಹಪ್ರವೇಶಕ್ಕೆ ರಜೆ ಹಾಕಿ ಬಂದೆ. ಚಪ್ಪರದ ಕೆಳಗೆ ನೆಂಟರ ಹಿರಿಯರೊಬ್ಬರು ಲತಾಳನ್ನು, ಯಾರ ಮಗಳಮ್ಮಾ ಎಂದು ಕೇಳಿದರು. ಸರೋಜಮ್ಮನ ಮಗಳು ಎಂದಳು.

"ಅಪ್ಪನ ಹೆಸರು ಕೇಳಿದ್ದು ಕಣಮ್ಮ."

"ಗೊತ್ತಾಯ್ತು ತಾತ. ನಾನು ಅಮ್ಮನ ಹೆಸರು ಹೇಳಿದೆ."

ಅಣ್ಣ ಬೇರೆ ಕಡೆ ನೋಡಿದ. ನಾನು ಅಮ್ಮನನ್ನೇ ನೋಡುತ್ತಿದ್ದೆ. ಅವಳು ತಮ್ಮನ ಹೆಸರು ಹೇಳಲಿಲ್ಲ. ಎಲೆಗಳಿಗೆ ಕೋಸಂಬರಿ ಬಡಿಸುತ್ತಾ ಮುಂದೆ ಹೋದಳು. ಜಗಳ ಮುಗಿಯಿತೆಂದು ಹೇಳಲಾರೆ.

ಹೊರಡುವ ದಿನ ಲತಾಳ ತಲೆ ಬಾಚುತ್ತಾ ಅಮ್ಮ, ಮತ್ತೆ ಯಾವಾಗ ಊರಿಗೆ ಬರ್ತೀಯೇ ಎಂದು ಕೇಳಿದಳು. "ಯಾವ ಊರಿಗಜ್ಜಿ?" ಎಂದಳು ಲತಾ. ಅಮ್ಮನ ಕೈ ನಿಂತಿತು. ಉತ್ತರಕ್ಕಾಗಿ ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಎರಡು ಊರಿನ ಹೆಸರನ್ನೂ ಹೇಳಿದೆ.