ಕೆಂಪು ದಾರದ ಜಾಡಿ

ಹ್ಯೂಸ್ಟನ್‌ನಲ್ಲಿ ಓದುವಾಗ ನನ್ನ ರೂಮ್‌ಮೇಟ್ ಕಲಬುರಗಿಯವರು. ಭಾನುವಾರ ಕಿಟಕಿ ತೆರೆದಿಟ್ಟು, ದನದ ಕೊಬ್ಬನ್ನು ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ, ಫ್ರಿಜ್‌ನಲ್ಲಿ ಇಡುತ್ತಿದ್ದರು. ಗಟ್ಟಿಯಾದ ಮೇಲೆ ಅದು ಥೇಟ್ ಎಮ್ಮೆ ತುಪ್ಪ. ಸಸ್ಯಾಹಾರಿಯಾದ ನಾನು ಅಪ್ಪಿತಪ್ಪಿ ಬಳಸಬಾರದೆಂದು ಆ ಜಾಡಿಯ ಕತ್ತಿಗೆ ಕೆಂಪು ದಾರ ಕಟ್ಟಿದ್ದರು. ನಾನು ಫ್ರಿಜ್ ತೆರೆದಾಗಲೆಲ್ಲ ಪುಸ್ತಕದಿಂದ ತಲೆಯೆತ್ತದೆ, "ದಾರ ನೋಡ್ರಿ" ಅನ್ನುತ್ತಿದ್ದರು.

ಒಮ್ಮೆ ಮೈಸೂರಿನಿಂದ ಬಂದಿದ್ದ ನನ್ನ ಅಮ್ಮ, ಕೆಂಪು ದಾರ ಕಟ್ಟಿದ್ದು ದೇವರ ತುಪ್ಪವೇ ಇರಬೇಕೆಂದು ಅದನ್ನೇ ದೀಪಕ್ಕೆ ಹಾಕಿ ಬೆಂಕಿಕಡ್ಡಿ ಗೀರಿದರು.

"ತಡೀರಿ ಅಮ್ಮಾ. ಅದು ತುಪ್ಪ ಅಲ್ರಿ, ದನದ ಕೊಬ್ಬು" ಎಂದರು ರೂಮ್‌ಮೇಟ್.

ಅಮ್ಮ ಕಡ್ಡಿ ಆರಿಸಿದರು. "ಸದ್ಯ, ಇನ್ನೂ ಹಚ್ಚಿರಲಿಲ್ಲ" ಎಂದು ಉಸಿರುಬಿಟ್ಟರು.

ರೂಮ್‌ಮೇಟ್ ಆ ದಾರ ಬಿಚ್ಚಿ, ನಮ್ಮ ತುಪ್ಪದ ಜಾಡಿಗೆ ಕಟ್ಟಿ, ಅಮ್ಮನ ಕೈಗಿಟ್ಟರು.

"ಇನ್ಮ್ಯಾಲೂ ದಾರಾನ ನೋಡ್ರಿ."