ಬೆರಳಲ್ಲೇ ಹವಳ ಗುರುತಿಸುವ ಇಂದುಶೇಖರ

ಬೆಳಗಿನ ಐದೂವರೆ. ನವದೆಹಲಿ ರೈಲು ನಿಲ್ದಾಣದ ಪಾರ್ಸೆಲ್ ಕಚೇರಿಯ ಹೊರಗೆ ಜನವರಿಯ ಮಂಜು. ಹತ್ತು ಹೆಜ್ಜೆ ಆಚೆಯ ತಳ್ಳುಗಾಡಿಯೂ ಕಾಣದು. ದಕ್ಷಿಣದಿಂದ ಬಂದ, ಗೋಣಿ ಹೊಲಿದ ಮರದ ಪೆಟ್ಟಿಗೆಯ ಮುಂದೆ ಇಂದುಶೇಖರ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಪೆಟ್ಟಿಗೆಯ ಮೇಲೆ ‘ಅಲಂಕಾರದ ಕಲ್ಲು’ ಎಂದು ಬರೆದಿದೆ. ಹಮಾಲಿ ಮುಚ್ಚಳ ಕೀಳುತ್ತಾನೆ. ಇಂದುಶೇಖರ ಉಣ್ಣೆಯ ಕೈಗವಸು ಕಳಚಿ, ಒಣಹುಲ್ಲಿನೊಳಗೆ ಮೊಣಕೈವರೆಗೆ ಕೈ ಇಳಿಸುತ್ತಾರೆ.

“ಮೇಲಿನ ನಾಲ್ಕು ಪ್ಲಾಸ್ಟರಿನ ನಕಲಿ ಸರ್. ಕೆಳಗಿರೋದೆಲ್ಲ ಹವಳ. ಬರ್ಕೊಳ್ಳಿ.”

ಬರೆದುಕೊಳ್ಳುತ್ತಿರುವವರು ವನ್ಯಜೀವಿ ವಿಭಾಗದ ಇನ್‌ಸ್ಪೆಕ್ಟರ್ ಗುರುರಾಜ. ಪಕ್ಕದಲ್ಲಿ ನಿಂತ ಹಮಾಲಿಗೆ ನಂಬಿಕೆಯಿಲ್ಲ. “ಪತ್ಥರ್ ಹೀ ತೋ ಹೈ, ಭಯ್ಯಾ,” ಬರೀ ಕಲ್ಲು ತಾನೇ, ಎನ್ನುತ್ತಾನೆ. ಇಂದುಶೇಖರ ಒಂದು ತುಂಡನ್ನು ಅವನ ಕೈಗೇ ಕೊಟ್ಟು ಟಾರ್ಚ್ ಹಿಡಿಯುತ್ತಾರೆ. ತುಂಡಿನ ಮೈತುಂಬ ಸಾಸಿವೆಯಷ್ಟು ಸಣ್ಣ ಗುಳಿಗಳು. ಒಂದೊಂದರೊಳಗೂ ನಕ್ಷತ್ರದಂತೆ ಗೀರುಗಳು. “ಪತ್ಥರ್ ನಹೀ. ಜಾನ್‌ವರ್ ಕಾ ಘರ್ ಹೈ. ಪ್ರಾಣಿ ಮನೆ ಇದು. ಒಂದೊಂದು ಗುಳೀಲೂ ಒಂದೊಂದು ಜೀವ ಇತ್ತು,” ಎಂದು ಎರಡು ಭಾಷೆ ಬೆರೆಸಿ ಹೇಳುತ್ತಾರೆ. ಹಮಾಲಿ ಅದನ್ನು ಮೆಲ್ಲಗೆ ಕೆಳಗಿಡುತ್ತಾನೆ.

ಹವಳ ಎಂದೊಡನೆ ನಮಗೆ ಉಂಗುರದ ಕೆಂಪು ಮಣಿ ನೆನಪಾಗುತ್ತದೆ. ಇದು ಅದಲ್ಲ. ಸಮುದ್ರದ ತಳದಲ್ಲಿ ದಿಬ್ಬ ಕಟ್ಟಿ, ಸಾವಿರಾರು ಬಗೆಯ ಮೀನುಗಳಿಗೆ ಮನೆಯಾಗುವ ಹವಳ. 2001ರಿಂದ ಕಾನೂನಿನಲ್ಲಿ ಇದಕ್ಕೆ ಹುಲಿಗಿರುವಷ್ಟೇ ರಕ್ಷಣೆಯಿದೆ. ಆದರೂ ಹಾರೆಯಿಂದ ಮೀಟಿ, ಬ್ಲೀಚಿಂಗ್ ಪುಡಿಯಲ್ಲಿ ಬೆಳ್ಳಗಾಗಿಸಿ, ಕಲ್ಲೆಂಬ ಹೆಸರಿನಲ್ಲಿ ರೈಲು ಹತ್ತಿಸುತ್ತಾರೆ. ಗುಡಗಾಂವ್‌ನ ಫ್ಲ್ಯಾಟುಗಳ ಮೀನಿನ ತೊಟ್ಟಿಗಳಲ್ಲಿ ಅದು ಅಲಂಕಾರವಾಗಿ ಕೂರುತ್ತದೆ. ಕಡಲಿನಿಂದ ಇಷ್ಟು ದೂರದ ಊರಿನಲ್ಲಿ ಅದನ್ನು ಹಿಡಿದು ನಿಲ್ಲಿಸುವವರಲ್ಲಿ ಒಬ್ಬರು ಗದಗ ಕಡೆಯ ಈ ನಲವತ್ತಾರು ವರ್ಷದ ಮನುಷ್ಯ. ಸಂಶೋಧನಾ ಸಂಸ್ಥೆಯೊಂದರ ಮಾದರಿ ಕೋಣೆಯಲ್ಲಿ ಅವರದು ಅಟೆಂಡರ್ ಕೆಲಸ.

ಪೆಟ್ಟಿಗೆಯ ತಳದಿಂದ ಅವರು ಒದ್ದೆ ಕಾಗದವೊಂದನ್ನು ಬಿಡಿಸುತ್ತಾರೆ. ತಮಿಳು ಪತ್ರಿಕೆಯ ಹಾಳೆ, ಐದು ದಿನ ಹಿಂದಿನದು. ಅದರಲ್ಲಿ ಸುತ್ತಿದ್ದ ತುಂಡನ್ನು ಮೂಗಿನ ಹತ್ತಿರ ಹಿಡಿದು ಮುಖ ಕಿವುಚುತ್ತಾರೆ.

“ಇದಕ್ಕೆ ಬ್ಲೀಚಿಂಗ್ ಸರಿಯಾಗಿ ಹಾಕಿಲ್ಲ ಸರ್, ಇನ್ನೂ ಕೊಳೆತ ವಾಸನೆ ಇದೆ. ಮುರಿದು ವಾರ ಆಗಿಲ್ಲ. ಅಂದ್ರೆ ಅಲ್ಲಿ ಇನ್ನೂ ಮುರೀತಾ ಇದ್ದಾರೆ. ಪೇಪರಿನಲ್ಲಿ ಯಾವ ಊರಿನ ಜಾಹೀರಾತು ಇದೆ, ತಮಿಳು ಬರೋರಿಗೆ ತೋರಿಸಿ.”

ಗುರುರಾಜ ಅಲ್ಲೇ ಮೊಬೈಲ್ ತೆಗೆದು ಕರಾವಳಿಯ ಅರಣ್ಯ ಕಚೇರಿಗೆ ಕರೆ ಮಾಡುತ್ತಾರೆ. ಹಾಳೆಯಲ್ಲಿದ್ದದ್ದು ಮೀನುಗಾರರ ಸಣ್ಣ ಊರೊಂದರ ಬಟ್ಟೆಯಂಗಡಿಯ ಜಾಹೀರಾತು. ನಾಲ್ಕನೇ ದಿನ ಸುದ್ದಿ ಬರುತ್ತದೆ: ಆ ಊರಿನ ದಡದಲ್ಲಿ ಹಾರೆ, ಹಗ್ಗ ತುಂಬಿದ ಎರಡು ದೋಣಿಗಳು ಸಿಕ್ಕಿವೆ, ದಿಬ್ಬದ ಸುತ್ತ ಕಾವಲು ಹಾಕಿದ್ದಾರೆ.

ಇಂದುಶೇಖರ ದೆಹಲಿಗೆ ಬಂದದ್ದು 1985ರಲ್ಲಿ, ಚಾಣಕ್ಯಪುರಿಯ ಕರ್ನಾಟಕ ಭವನದ ಕ್ಯಾಂಟೀನಿನಲ್ಲಿ ಊಟ ಬಡಿಸುವ ಕೆಲಸಕ್ಕೆ. ಅಲ್ಲಿ ಇಳಿದುಕೊಂಡಿದ್ದ ಕಡಲ ವಿಜ್ಞಾನಿ ಡಾ. ಪದ್ಮಾ ಒಂದು ದಿನ ತಾವು ತಂದ ಚಿಪ್ಪು, ಹವಳದ ಚೂರುಗಳನ್ನು ಮೇಜಿನ ಮೇಲೆ ಹರಡಿ ಫೋನಿಗೆಂದು ಎದ್ದು ಹೋದರು. ಮೇಜು ಒರೆಸಲು ಬಂದ ಹುಡುಗ ಅವನ್ನು ಎತ್ತಿ, ಒರೆಸಿ, ಮತ್ತೆ ಇಟ್ಟ. ಇಟ್ಟದ್ದು ಜಾತಿವಾರು.

“ಯಾರು ಹೀಗಿಟ್ಟಿದ್ದು ಅಂತ ಮೇಡಂ ಕೇಳಿದ್ರು. ನಾನು ಬೈಗುಳ ಬಿತ್ತು ಅಂದ್ಕೊಂಡೆ,” ಎಂದು ಅವರು ನಗುತ್ತಾರೆ. “ಒಂದೇ ಥರದವು ಒಂದು ಕಡೆ ಇಟ್ಟೆ ಮೇಡಂ, ಅಂದೆ. ಮೂರು ತಿಂಗಳಾದ ಮೇಲೆ ಅವರ ಸಂಸ್ಥೆಗೆ ಕರೆಸ್ಕೊಂಡ್ರು.”

ಕರೆಸಿಕೊಂಡದ್ದು ಹಂಗಾಮಿ ಕೆಲಸಕ್ಕೆ. ಕಾಯಂ ಆಗಲು ಹನ್ನೊಂದು ವರ್ಷ ಹಿಡಿಯಿತು. ಮಾದರಿ ತೊಳೆಯುವುದು, ಒಣಗಿಸುವುದು, ಚೀಟಿ ಅಂಟಿಸುವುದು. ಕೋಣೆಯ ಮೂರು ಸಾವಿರದ ಇನ್ನೂರು ಮಾದರಿಗಳ ಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಕೈಬರಹ. ಲ್ಯಾಟಿನ್ ಹೆಸರುಗಳನ್ನು ಅವರು ಕಲಿತದ್ದು ಕನ್ನಡ ಲಿಪಿಯಲ್ಲಿ ಬರೆದುಕೊಂಡು. ಆ ನೋಟ್‌ಬುಕ್ಕಿಗೆ ಈಗ ಮೂರನೇ ಸಲ ರಟ್ಟು ಹಾಕಿಸಿದ್ದಾರೆ. ಹವಳದ ಅಂಚು ತಗುಲಿ ಬೆರಳ ತುದಿಗಳು ಒಡೆದಿವೆ, ಅದರ ಪುಡಿ ಮೂಗಿಗೆ ಹೋಗಿ ಹೋಗಿ ಬಿಡದ ಕೆಮ್ಮು ಅಂಟಿಕೊಂಡಿದೆ. ವಾರಕ್ಕೆ ಮೂರು ನಾಲ್ಕು ಪೆಟ್ಟಿಗೆ ನೋಡುತ್ತಾರೆ, ಕಳೆದ ವರ್ಷ ನೋಡಿದ್ದು ನೂರ ಎಪ್ಪತ್ತು. ವರದಿಗೆ ಸಹಿ ಹಾಕುವವರು ವಿಜ್ಞಾನಿಗಳು. ಇವರ ಹೆಸರು ಎಲ್ಲೂ ಬರುವುದಿಲ್ಲ.

1997ರಲ್ಲಿ ಪದ್ಮಾ ಒಮ್ಮೆ ಇಂದುಶೇಖರರನ್ನು ತಮಿಳುನಾಡಿನ ಮನ್ನಾರ್ ಕೊಲ್ಲಿಗೆ ಕರೆದೊಯ್ದರು. ಎದೆಮಟ್ಟದ ನೀರಿನಲ್ಲಿ ನಿಂತು, ಮುಖವಾಡ ಹಾಕಿಕೊಂಡು ತಲೆ ಮುಳುಗಿಸಿದ್ದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ. “ಹನ್ನೆರಡು ವರ್ಷ ನಾನು ಬರೀ ಬಿಳೀ ಮೂಳೆ ತೊಳೆದಿದ್ದೆ. ಒಳಗೆ ನೋಡಿದ್ರೆ ಹಸಿರು, ನೇರಳೆ, ಕಂದು, ಎಲ್ಲ ಜೀವಂತ. ಉಪ್ಪುನೀರು ಕುಡಿದುಬಿಟ್ಟೆ. ಒಂದು ತಲೆ ಗಾತ್ರದ ಹವಳ ಬೆಳೆಯೋಕೆ ಹದಿನೈದು ಇಪ್ಪತ್ತು ವರ್ಷ ಬೇಕು ಸರ್. ಮುರಿಯೋಕೆ ಒಂದು ಏಟು.”

ಅವರನ್ನು ನಿಜವಾಗಿ ಪರೀಕ್ಷೆಗೊಡ್ಡಿದ್ದು 2006ರ ಒಂದು ಮೊಕದ್ದಮೆ. ಮೀನು ತೊಟ್ಟಿಯ ಸಾಮಾನು ಮಾರುವವನೊಬ್ಬನ ಗೋದಾಮಿನಿಂದ ಇನ್ನೂರ ಹನ್ನೆರಡು ತುಂಡು ಜಪ್ತಿಯಾಗಿದ್ದವು. ಎಲ್ಲವೂ ನಕಲಿ ಎಂದು ಅವನ ವಾದ. ವರದಿಗೆ ಸಹಿ ಹಾಕಿದ್ದ ವಿಜ್ಞಾನಿ ವಿದೇಶಕ್ಕೆ ಹೋಗಿದ್ದರು, ಪದ್ಮಾ ನಿವೃತ್ತರಾಗಿದ್ದರು. ಸಾಕ್ಷಿಗೆ ಉಳಿದದ್ದು ತುಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ್ದ ಅಟೆಂಡರ್ ಒಬ್ಬರೇ. ವಿಚಾರಣೆಯ ಹಿಂದಿನ ವಾರ ಮನೆಗೆ ಅನಾಮಧೇಯ ಕರೆಗಳು ಬಂದವು. ಫೋನ್ ಎತ್ತಿದ ಹೆಂಡತಿ ಉಷಾ, “ಅವರು ಕೋರ್ಟಿಗೆ ಹೋಗೇ ಹೋಗ್ತಾರೆ. ಇನ್ನೊಂದ್ಸಲ ಫೋನ್ ಮಾಡಿದ್ರೆ ನಾನೂ ಬರ್ತೀನಿ,” ಎಂದು ಹಿಂದಿಯಲ್ಲಿ ಹೇಳಿ ಇಟ್ಟರು.

ಆರೋಪಿಯ ಪರ ವಕೀಲರು ಮೊದಲು ಕೇಳಿದ್ದು ಓದನ್ನು. “ಪಿಯುಸಿ ಫೇಲು,” ಎಂದರು ಇಂದುಶೇಖರ. ಕೋರ್ಟಿನಲ್ಲಿ ಯಾರೋ ನಕ್ಕರು. ವಕೀಲರು ತಾವೇ ತಂದ ಒಂಬತ್ತು ತುಂಡುಗಳನ್ನು ಸಾಲಾಗಿ ಇಟ್ಟರು. ಯಾವುದು ಏನೆಂಬ ಪಟ್ಟಿಯನ್ನು ಮೊದಲೇ ಮ್ಯಾಜಿಸ್ಟ್ರೇಟರಿಗೆ ಮುಚ್ಚಿದ ಲಕೋಟೆಯಲ್ಲಿ ಕೊಟ್ಟಿದ್ದರು. ಇಂದುಶೇಖರ ಒಂದೊಂದನ್ನೂ ಸವರಿ, ಮಸೂರದಲ್ಲಿ ನೋಡಿ ಹೇಳುತ್ತ ಹೋದರು. ಐದು ನಕಲಿ, ಮೂರು ಅಸಲಿ. ಒಂಬತ್ತನೆಯದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು.

“ಇದು ನನಗೆ ಗೊತ್ತಾಗ್ತಾ ಇಲ್ಲ, ಸಾಹೇಬ್ರೆ.”

“ಆಗ ಎಲ್ಲ ಮುಗೀತು ಅಂದ್ಕೊಂಡೆ,” ಎಂದು ಅಂದು ಕೋರ್ಟಿನಲ್ಲಿದ್ದ ಗುರುರಾಜ ನೆನೆಯುತ್ತಾರೆ. “ಹವಳ ಅಂದುಬಿಡಬಾರದಿತ್ತೇ ಈ ಮನುಷ್ಯ?”

ಗೊತ್ತಿಲ್ಲದವರು ಸಾಕ್ಷಿ ಹೇಳಲು ಏಕೆ ಬಂದಿರಿ ಎಂದು ವಕೀಲರು ಏರುದನಿಯಲ್ಲಿ ಕೇಳಿದರು. ಇಂದುಶೇಖರ ಕೊಟ್ಟ ಉತ್ತರ ಗುರುರಾಜರಿಗೆ ಬಾಯಿಪಾಠವಾಗಿದೆ: “ಇದು ಅಲೆಗೆ ಸವೆದು ನುಣ್ಣಗಾಗಿದೆ. ಗುಳಿಗಳೇ ಉಳಿದಿಲ್ಲ. ಹವಳ ಅಂದ್ರೆ ಅದು ನನ್ನ ಊಹೆ. ಊಹೆ ಮೇಲೆ ಒಬ್ಬ ಮನುಷ್ಯನ್ನ ಜೈಲಿಗೆ ಕಳಿಸೋಕಾಗಲ್ಲ.”

ಮ್ಯಾಜಿಸ್ಟ್ರೇಟರು ಲಕೋಟೆ ಒಡೆದರು. ಎಂಟೂ ಸರಿಯಾಗಿದ್ದವು. ಒಂಬತ್ತನೆಯದರ ಮುಂದೆ ವಕೀಲರ ಪಟ್ಟಿಯಲ್ಲಿ ‘ದಡದಲ್ಲಿ ಸಿಕ್ಕ ಕಲ್ಲು’ ಎಂದಷ್ಟೇ ಇತ್ತು. ವ್ಯಾಪಾರಿಗೆ ಶಿಕ್ಷೆಯಾಯಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಸಾಕ್ಷಿಯ ಉಳಿದ ಮಾತು ನಂಬಲರ್ಹ ಎಂದು ತೀರ್ಪಿನಲ್ಲಿ ಒಂದು ಸಾಲು ಬಂತು. ಅವರ ಹೆಸರು ಅಚ್ಚಾಗಿರುವ ಒಂದೇ ಕಾಗದ ಅದು. ಮಗಳು ಕೃತಿ ಅದರ ಪ್ರತಿ ತರಿಸಿ ಕಪಾಟಿನಲ್ಲಿ ಇಟ್ಟಿದ್ದಾಳೆ. “ಪಪ್ಪಾ ಕೋ ತೋ ಫರಕ್ ಹೀ ನಹೀ ಪಡತಾ, ಅವರಿಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ. ನಾನೇ ಇಟ್ಕೊಂಡೆ,” ಎನ್ನುತ್ತಾಳೆ.

ಪಪ್ಪನಿಗೆ ಖುಷಿ ಕೊಟ್ಟದ್ದು ಬೇರೆ. ಆ ತೀರ್ಪಿನ ಮೇಲೆ ನಗರದ ಅಂಗಡಿಯವರು ಎಚ್ಚೆತ್ತಿದ್ದಾರೆ. ಹೊಸ ಸರಕು ಬಂದರೆ ಮಾದರಿ ಹಿಡಿದು ಸಂಸ್ಥೆಯ ಗೇಟಿಗೇ ಬರುತ್ತಾರೆ. ನಾನು ಹೊರಡುವ ಹೊತ್ತಿಗೂ ಇಂದಿರಾಪುರಂನಿಂದ ಒಬ್ಬರು ಚೀಲ ಹಿಡಿದು ನಿಂತಿದ್ದರು. ಇಂದುಶೇಖರ ಚೀಲದೊಳಗೆ ಕೈ ಹಾಕಿ, ಸವರಿ, ತಲೆಯಾಡಿಸಿದರು. ಅಂಗಡಿಯವರ ಮುಖ ಅರಳಿತು.

“ನೋಡಿ ಸರ್,” ಎಂದರು ನನ್ನತ್ತ ತಿರುಗಿ, “ದಿಲ್ಲೀಲಿ ಎಲ್ರೂ ಅಸಲಿ ಮಾಲು ಬೇಕು ಅಂತಾರೆ. ನನ್ನ ಹತ್ರ ಬರೋರು ಮಾತ್ರ, ನಕಲಿ ಅಂದ್ರೆ ಸಾಕು, ಕೈಮುಗಿದು ಹೋಗ್ತಾರೆ.”