ಎಥನಾಲ್ ಎಂದವನು ನಾನು

ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಆ ಚಿಕ್ಕ ಲ್ಯಾಬಿನಲ್ಲಿ ಕನ್ನಡ ಬರುತ್ತಿದ್ದವರು ಇಬ್ಬರೇ: ನಾನು, ಮತ್ತು ನನ್ನ ಕೈಕೆಳಗೆ ಆರು ತಿಂಗಳ ಕಾಂಟ್ರ್ಯಾಕ್ಟಿನ ಮೇಲೆ ಸೇರಿದ್ದ ಧಾರವಾಡದ ಒಬ್ಬ ಹೆಂಗಸು. ಮಕ್ಕಳನ್ನು ಬೆಳೆಸಲೆಂದು ಹದಿನಾಲ್ಕು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದಿದ್ದರು. ಹೇಗಾದರೂ ಕಾಯಂ ಆಗಬೇಕು ಎಂಬುದೊಂದೇ ಅವರ ಆಸೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ನನ್ನನ್ನು ‘ಸರ್’ ಎನ್ನುತ್ತಿದ್ದರು. ಬೇಡವೆನ್ನಬಹುದಿತ್ತು. ಅನ್ನಲಿಲ್ಲ, ಕೇಳಲು ಹಿತವಾಗಿತ್ತು.

ಅವರು ಮೂರು ವಾರ ಕಷ್ಟಪಟ್ಟು ತಯಾರಿಸಿದ್ದ ಪುಡಿಯನ್ನು ಶುದ್ಧ ಮಾಡಬೇಕಿತ್ತು. ಬಿಸಿ ದ್ರಾವಕದಲ್ಲಿ ಕರಗಿಸಿ ತಣಿಸಿದರೆ ಶುದ್ಧ ಪದಾರ್ಥ ಹರಳುಗಟ್ಟುತ್ತದೆ, ಕೊಳೆ ದ್ರಾವಕದಲ್ಲೇ ಉಳಿಯುತ್ತದೆ. ಯಾವ ದ್ರಾವಕ ಎಂಬುದೇ ಪ್ರಶ್ನೆ.

“ಸರ್, ಮೊದ್ಲ ನಾಕು ಟೆಸ್ಟ್‌ಟ್ಯೂಬಿನಾಗ ಬ್ಯಾರೆ ಬ್ಯಾರೆ ದ್ರಾವಕ ತಗೊಂಡು ಚಿಟಿಕಿ ಚಿಟಿಕಿ ಪುಡಿ ಹಾಕಿ ನೋಡೋಣ್ರಿ. ತಣ್ಣಗಿದ್ದಾಗ ಕರಗಬಾರದು, ಕಾಸಿದ್ರ ಪೂರ್ತಿ ಕರಗಬೇಕು. ಅಂಥಾದ್ದು ಹುಡುಕೋಣ.”

“ಅದಕ್ಕೆಲ್ಲ ಟೈಮಿಲ್ಲ ಕಣ್ರೀ, ನಾಳೆ ಮೀಟಿಂಗಿದೆ. ಎಥನಾಲಲ್ಲಿ ಹಾಕಿಬಿಡಿ,” ಎಂದೆ. ಇಪ್ಪತ್ತು ವರ್ಷದ ಅನುಭವದ ಕೊಬ್ಬು.

ಪುಡಿ ತಣ್ಣನೆಯ ಎಥನಾಲಿನಲ್ಲೇ ಕರಗಿಹೋಯಿತು. ಐಸಿನಲ್ಲಿಟ್ಟರೂ ಒಂದು ಹರಳು ಬರಲಿಲ್ಲ. ಕುದಿಸಿ ಇಂಗಿಸಿ ಎಂದವನೂ ನಾನೇ. ತಳದಲ್ಲಿ ಉಳಿದದ್ದು ಸುಟ್ಟ ಬೆಲ್ಲದಂಥ ಅಂಟು.

ಲ್ಯಾಬಿನಲ್ಲಿ ಪ್ರತಿ ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಮಾಡಬೇಕು. ಆಕೆ ‘ದ್ರಾವಕ: ಎಥನಾಲ್’ ಎಂದಷ್ಟೇ ಬರೆದಿದ್ದರು. ಹೇಳಿದ್ದು ಯಾರೆಂದು ಬರೆದಿರಲಿಲ್ಲ. ಮೇಲಿನವರ ತಪ್ಪನ್ನು ಕಾಗದಕ್ಕಿಳಿಸುವುದು ಅವರ ಮಟ್ಟಿಗೆ ಮರ್ಯಾದೆಯಲ್ಲ. ಅದನ್ನು ಓದಿಯೂ ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ಮರುದಿನ ಮ್ಯಾನೇಜರು ಆ ಪುಟ ತೆರೆದು, ಪರೀಕ್ಷೆ ಮಾಡದೆ ದ್ರಾವಕ ಆರಿಸಿದ್ದು ಯಾರು ಎಂದು ಕೇಳಿದರು. ಆಕೆ ತಲೆ ತಗ್ಗಿಸಿದರು. ನಾನು ಲ್ಯಾಪ್‌ಟಾಪು ನೋಡುತ್ತ ಕೂತೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಅವರ ಕಾಂಟ್ರ್ಯಾಕ್ಟು ಮುಂದುವರಿಯಲಿಲ್ಲ.

ಆಮೇಲೆ ಹೊಸದಾಗಿ ಪುಡಿ ತಯಾರಿಸಿ, ಅವರು ಹೇಳಿದಂತೆಯೇ ನಾಲ್ಕು ಟೆಸ್ಟ್‌ಟ್ಯೂಬು ಇಟ್ಟು ನೋಡಿದೆ. ಟೊಲುಯಿನ್ ಎಂಬ ದ್ರಾವಕದಲ್ಲಿ ಒಂದೇ ಮಧ್ಯಾಹ್ನಕ್ಕೆ ಬಿಳಿ ಹರಳು ಬಂದವು. ಎಲ್ಲರೂ ನನ್ನ ಬೆನ್ನು ತಟ್ಟಿದರು.

ಹೋದ ತಿಂಗಳು ಸ್ಯಾನ್ ರಮೋನ್‌ನ ಇಂಡಿಯನ್ ಗ್ರೋಸರಿಯಲ್ಲಿ ಆಕೆ ಸಿಕ್ಕರು. ಬೇರೆ ಕೆಲಸ ಸಿಕ್ಕಿಲ್ಲವಂತೆ, ಹುಡುಕುವುದನ್ನೂ ಬಿಟ್ಟಿದ್ದಾರೆ. ಜೊತೆಗಿದ್ದ ಮಗಳಿಗೆ ನನ್ನನ್ನು ತೋರಿಸಿ, “ಇವರ ನೋಡು ನಮ್ಮ ಸರ್. ನಾ ಅಷ್ಟು ದೊಡ್ಡ ತಪ್ಪು ಮಾಡಿದ್ರೂ ಒಂದು ಮಾತು ಬೈಲಿಲ್ಲ,” ಎಂದರು. ನನ್ನ ತಪ್ಪನ್ನು ಮನೆಯಲ್ಲೂ ತಮ್ಮದೆಂದೇ ಹೇಳಿಕೊಂಡಿದ್ದರು.

“ಥ್ಯಾಂಕ್ಯೂ, ಅಂಕಲ್,” ಎಂದಳು ಆ ಹುಡುಗಿ.

“ಇರ್ಲಿ ಬಿಡಮ್ಮ,” ಎಂದೆ.